ಹಗ್ಗದ ಪರವಾಗಿ

ಡಿಸ್ಕ್ ಎಸೆದು ಬ್ಯಾಸ್ಕೆಟ್‌ಗೆ ಹಾಕುವ ಆಟವಾದ ಡಿಸ್ಕ್ ಗಾಲ್ಫ್ ಬಲ್ಲವರಲ್ಲಿ ಒಂದು ಅಭಿಪ್ರಾಯ ಬೇರೂರಿದೆ: ನಿಜವಾದ ಚಾಂಪಿಯನ್‌ಶಿಪ್ ಕೋರ್ಸ್ ಎಂದರೆ ಕಾಡಿನದು, ಬಯಲಿನಲ್ಲಿ ಹಗ್ಗ ಎಳೆದು, ಆಚೆ ಬಿದ್ದರೆ ದಂಡ ಎನ್ನುವುದು ವಿನ್ಯಾಸವಲ್ಲ, ಬರೀ ಕೃತಕ ತೊಡಕು. ಈ ಟೀಕೆಗೆ ಹೆಚ್ಚಾಗಿ ಗುರಿಯಾಗುವುದು ಅಮೆರಿಕದ ಸೌತ್ ಕೆರೊಲಿನಾದ ರಾಕ್ ಹಿಲ್‌ನಲ್ಲಿರುವ ವಿನ್‌ಥ್ರಾಪ್ ಗೋಲ್ಡ್. ಯುನೈಟೆಡ್ ಸ್ಟೇಟ್ಸ್ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ 1999ರಲ್ಲಿ ಆರಂಭವಾದದ್ದು ಇಲ್ಲೇ, ವಿನ್‌ಥ್ರಾಪ್ ವಿಶ್ವವಿದ್ಯಾಲಯದ ಆವರಣದಲ್ಲಿ. ಟೀಕಾಕಾರರು ಈ ಕೋರ್ಸನ್ನು ಓದಿರುವ ಬಗೆಯೇ ತಪ್ಪು ಎಂಬುದು ನನ್ನ ವಾದ.

‘ಸಹಜ’ ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ಕಾಡಿನ ಫೇರ್‌ವೇ ತಾನಾಗಿ ಹುಟ್ಟಿದ್ದಲ್ಲ. ಯಾವ ಮರ ನಿಲ್ಲಬೇಕು, ಯಾವುದು ಉರುಳಬೇಕು ಎಂದು ವಿನ್ಯಾಸಕಾರ ಗುರುತು ಹಾಕಿದ ಮೇಲೆ ಗರಗಸ ಬರುತ್ತದೆ. ಓಡಾಟಕ್ಕೆ ಮಣ್ಣು ಗಟ್ಟಿಯಾಗಿ ಬೇರುಗಳು ಬಯಲಾಗುತ್ತವೆ. ಬ್ಯಾಸ್ಕೆಟ್ ಬಳಿಯ ಮರಗಳ ತೊಗಟೆ ಡಿಸ್ಕಿನ ಏಟಿಗೆ ಸುಲಿಯುತ್ತದೆ. ಹಗ್ಗವನ್ನಾದರೆ ಪಂದ್ಯ ಮುಗಿದ ಮೇಲೆ ಸುತ್ತಿಡಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನ್ಯಾಯದ್ದು. ಹಗ್ಗದ ಒಳಗೆ ಒಂದಂಗುಲ ಬಿದ್ದರೆ ಕ್ಷೇಮ, ಹೊರಗೆ ಒಂದಂಗುಲ ಬಿದ್ದರೆ ದಂಡ. ಇದೆಲ್ಲಿಯ ನ್ಯಾಯ ಎನ್ನುತ್ತಾರೆ. ಆದರೆ ಮರಕ್ಕೆ ತಾಗಿದ ಡಿಸ್ಕನ್ನು ನೋಡಿ. ಕಾಂಡದ ಒಂದು ಬದಿ ಸವರಿದರೆ ಅದು ಫೇರ್‌ವೇಯ ನಡುವಿಗೆ ಚಿಮ್ಮುತ್ತದೆ, ಬೆರಳಗಲ ಆಚೆ ತಾಗಿದರೆ ಪೊದೆ ಸೇರುತ್ತದೆ. ತಾಗಿದ ಮೇಲೆ ಆಟಗಾರನ ಕೈಯಲ್ಲಿ ಏನೂ ಇಲ್ಲ. ಹಗ್ಗ ಟೀಯಿಂದಲೇ ಕಾಣುತ್ತದೆ. ಅದಕ್ಕೆ ಎಷ್ಟು ಹತ್ತಿರ ಹೋಗಬೇಕೆಂದು ತೀರ್ಮಾನಿಸುವವನು ಎಸೆಯುವವನೇ. ಆ ಒಂದಂಗುಲ ಅವನೇ ಕೈಯಾರೆ ತಂದುಕೊಂಡದ್ದು.

ಕಾಡಿನ ಪಕ್ಷದವರು ಇಲ್ಲಿ ಗಮನಿಸದ ಒಂದು ಅಂಶವಿದೆ. ಮರಗಳ ಸಂದು ಪರೀಕ್ಷಿಸುವುದು ಡಿಸ್ಕ್ ಹಾದುಹೋಗುವ ದಾರಿಯನ್ನು. ಅದು ದೊಡ್ಡ ಪರೀಕ್ಷೆಯೇ, ಅಲ್ಲಗಳೆಯುವುದಿಲ್ಲ. ಹಗ್ಗ ಪರೀಕ್ಷಿಸುವುದು ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಬಲಗೈ ಆಟಗಾರ ಬ್ಯಾಕ್‌ಹ್ಯಾಂಡ್‌ನಲ್ಲಿ ಎಸೆದ ಡಿಸ್ಕ್ ವೇಗ ತಗ್ಗುತ್ತಿದ್ದಂತೆ ಎಡಕ್ಕೆ ವಾಲುತ್ತದೆ, ಓರೆಯಾಗಿ ನೆಲ ಮುಟ್ಟಿ, ಮತ್ತಷ್ಟು ಜಾರುತ್ತದೆ. ಹಗ್ಗ ಎಡಕ್ಕಿದ್ದರೆ ಈ ಕೊನೆಯ ಜಾರಾಟದ ಲೆಕ್ಕವನ್ನು ಎಸೆಯುವ ಮುನ್ನವೇ ಹಾಕಬೇಕು: ಗುರಿಯನ್ನು ಬಲಕ್ಕೆ ಸರಿಸುವುದೋ, ಫೋರ್‌ಹ್ಯಾಂಡ್ ಹಿಡಿಯುವುದೋ, ಕಡಿಮೆ ದೂರಕ್ಕೆ ತೃಪ್ತಿಪಡುವುದೋ. ಹಾರಾಟದ ಅಂತ್ಯವನ್ನು ಇಷ್ಟು ನಿಖರವಾಗಿ ಪ್ರಶ್ನಿಸುವ ಅಡ್ಡಿ, ನೀರನ್ನು ಬಿಟ್ಟರೆ, ಇನ್ನೊಂದಿಲ್ಲ.

ವಿನ್‌ಥ್ರಾಪ್‌ನ 17ನೇ ಹೋಲ್ ಇದಕ್ಕೆ ಸಾಕ್ಷಿ. ದೂರ 300 ಅಡಿಗೂ ಕಡಿಮೆ. ವೃತ್ತಿಪರರಿಗೆ ಅದು ದೂರವೇ ಅಲ್ಲ. ಬ್ಯಾಸ್ಕೆಟ್ ಇರುವ ಜಾಗದ ಸುತ್ತ ಹಗ್ಗದಂತೆಯೇ ಗಡಿ ಹಾಕುವ ಒಣಹುಲ್ಲಿನ ಪಿಂಡಿಗಳು, ಅವುಗಳಾಚೆಯೆಲ್ಲ ಔಟ್ ಆಫ್ ಬೌಂಡ್ಸ್. ತೋಳ್ಬಲಕ್ಕೆ ಇಲ್ಲಿ ಬೆಲೆಯಿಲ್ಲ. ಎತ್ತರಕ್ಕೆ ಎಸೆದು ಮೆತ್ತಗೆ ಇಳಿಸಬೇಕು. ಎತ್ತರಕ್ಕೆ ಹೋದಷ್ಟೂ ಡಿಸ್ಕ್ ಗಾಳಿಯ ಪಾಲು. ಒಂದು ಹೋಲ್ ಬಾಕಿಯಿರುವಾಗ ಈ ಪ್ರಶ್ನೆ ಕೇಳುವ ಧೈರ್ಯ ವಿನ್ಯಾಸಕಾರನಿಗಿತ್ತು ಎಂಬುದೇ ನನಗೆ ಮೆಚ್ಚಿಗೆ.

ಆದರೂ ವಿನ್‌ಥ್ರಾಪ್ ದೋಷಮುಕ್ತವಲ್ಲ. ಆ ಹೋಲ್‌ನಲ್ಲಿ ತಪ್ಪಿದವರು ಮತ್ತೆ ಟೀಯಿಂದಲೇ ಎಸೆಯಬೇಕೆಂಬ ನಿಯಮವನ್ನು ಬಳಸಿದ್ದುಂಟು. ಒಂದು ದಂಡದ ಎಸೆತದ ಜೊತೆಗೆ ಕ್ರಮಿಸಿದ ದೂರವನ್ನೂ ಕಿತ್ತುಕೊಳ್ಳುವುದು ಅತಿ. ತಪ್ಪಿದವನೇ ಮತ್ತೆ ಮತ್ತೆ ತಪ್ಪುತ್ತ ಹೋದರೆ ಉಳಿಯುವುದು ಕೌಶಲದ ಪರೀಕ್ಷೆಯಲ್ಲ, ಹಿಂಸೆ. ಮರು ಎಸೆತಕ್ಕೆ ಹತ್ತಿರದಲ್ಲೊಂದು ಗೊತ್ತಾದ ಜಾಗ, ಅಂದರೆ ಡ್ರಾಪ್ ಝೋನ್, ಕೊಟ್ಟರೆ ಆ ಹೋಲ್‌ನ ಗುಣ ಎಳ್ಳಷ್ಟೂ ಕೆಡುವುದಿಲ್ಲ.

ವಿನ್‌ಥ್ರಾಪ್‌ಗಿಂತ ನನ್ನ ಜಗಳ ಹೆಚ್ಚಿರುವುದು ಅದನ್ನು ನಕಲು ಮಾಡುವವರ ಜೊತೆ. ಸಪಾಟು ಮೈದಾನದ ಎರಡೂ ಬದಿಗೆ ಸಮಾನಾಂತರವಾಗಿ ಹಗ್ಗ ಎಳೆದು ಕೋರ್ಸ್ ಕಠಿಣವಾಯಿತೆಂದು ಬೀಗುವ ವಿನ್ಯಾಸದಲ್ಲಿ ಆಟಗಾರನಿಗೆ ಆಯ್ಕೆಯೇ ಇರುವುದಿಲ್ಲ. ನೇರ ಎಸೆಯುವುದಷ್ಟೇ ಕೆಲಸ. ಅಂಥ ಕಡೆ ಕಾಡಿನ ಪಕ್ಷದವರ ಟೀಕೆ ಅಕ್ಷರಶಃ ಸರಿ. ಅದನ್ನು ಅಲ್ಲಿಗೇ ಮೀಸಲಿಡಲಿ. ವಿನ್‌ಥ್ರಾಪ್‌ಗೆ ಅಂಟಿಸುವುದು ಬೇಡ.