ಎರಡು ಕ್ರಿಸ್ಮಸ್ ಹಬ್ಬಗಳ ನಡುವಣ ವರ್ಷ: ‘ಲಿಟ್ಲ್ ವಿಮೆನ್’ ಕಾದಂಬರಿಯ ಚಾರಿತ್ರಿಕ ವಿಮರ್ಶೆ

೧

ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟಳ (೧೮೩೨–೧೮೮೮) ‘ಲಿಟ್ಲ್ ವಿಮೆನ್’ ಕಾದಂಬರಿಯ ಮೊದಲನೆಯ ಭಾಗವು ೧೮೬೮ರಲ್ಲಿ ಬಾಸ್ಟನ್ ನಗರದ ರಾಬರ್ಟ್ಸ್ ಬ್ರದರ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಎರಡನೆಯ ಭಾಗವು ಮರುವರ್ಷ ಹೊರಬಂದಿತು. ಬಾಲಿಕೆಯರಿಗೆ ಒಪ್ಪುವಂಥ ಪುಸ್ತಕವೊಂದನ್ನು ಬರೆದುಕೊಡಬೇಕೆಂದು ಆ ಸಂಸ್ಥೆಯ ಟಾಮಸ್ ನೈಲ್ಸನು ಕೇಳಿದುದೇ ಅದರ ಹುಟ್ಟಿಗೆ ನಿಮಿತ್ತ. ಈ ಹುಟ್ಟಿನ ಕಾರಣದಿಂದಲೇ ಅದನ್ನು ಬಾಲಸಾಹಿತ್ಯದ ಕಪಾಟಿನಲ್ಲಿಟ್ಟು ಮರೆತುಬಿಡುವುದು ಸುಲಭ. ಆದರೆ ಚರಿತ್ರೆಯ ಅಭ್ಯಾಸಿಗಳಾದ ನಾವು ಅದನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಲು ಸಾಕಷ್ಟು ಕಾರಣವುಂಟು.

ಮೊದಲನೆಯ ಭಾಗದ ಕಥೆ ಒಂದು ಕ್ರಿಸ್ಮಸ್ಸಿನ ಮುನ್ನಾದಿನ ಆರಂಭವಾಗಿ ಮುಂದಿನ ಕ್ರಿಸ್ಮಸ್ಸಿನ ಮರುದಿನಕ್ಕೆ ಮುಗಿಯುತ್ತದೆ. ತಂದೆಯಾದ ಮಾರ್ಚ್ ಅವರು ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದೊಡನೆ ಧರ್ಮಗುರುವಾಗಿ ಹೋಗಿದ್ದಾರೆ. ಮನೆಯಲ್ಲಿ ತಾಯಿ, ಮೆಗ್, ಜೋ, ಬೆತ್, ಏಮಿ ಎಂಬ ನಾಲ್ವರು ಹೆಣ್ಣುಮಕ್ಕಳು, ಹ್ಯಾನ ಎಂಬ ಹಳೆಯ ಸೇವಕಿ. ತಾನು ಹಿಂದಿರುಗುವ ವೇಳೆಗೆ ಮಕ್ಕಳು ತಮ್ಮ ತಮ್ಮ ದೋಷಗಳನ್ನು ಗೆದ್ದಿರಬೇಕೆಂದು ತಂದೆ ಪತ್ರ ಬರೆಯುತ್ತಾನೆ. ಅಲ್ಲಿಂದಾಚೆಗೆ ಆ ವರ್ಷವೆಲ್ಲ ಒಂದು ಪರೀಕ್ಷೆಯ ಅವಧಿಯಾಗುತ್ತದೆ. ಈ ಪರೀಕ್ಷೆಯಲ್ಲಿ ಯಾರು ದುಡಿದರು, ಯಾರು ತೀರ್ಪು ಕೊಟ್ಟರು, ಯಾವುದು ಲೆಕ್ಕಕ್ಕೆ ಬಂದಿತು, ಯಾವುದು ಬರಲಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಶ್ರದ್ಧೆಯ ವಿಷಯ. ಕಥೆ ನಡೆಯುವುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಅಲ್ಲಿ ನೆಲೆಸಿದ ಪ್ಯೂರಿಟನ್ನರಿಗೆ ಕ್ರಿಸ್ಮಸ್ ಆಚರಣೆ ಸಮ್ಮತವಾಗಿರಲಿಲ್ಲ. ಬೈಬಲ್ಲಿನ ಆಧಾರವಿಲ್ಲದ ಹಬ್ಬವೆಂದು ಬಗೆದು ೧೬೫೯ರಲ್ಲಿ ಅದನ್ನು ಕಾನೂನಿನಿಂದಲೇ ನಿಷೇಧಿಸಿದ್ದರು. ಅಂದು ದುಡಿಮೆ ನಿಲ್ಲಿಸಿ ಹಬ್ಬದೂಟ ಮಾಡಿದವರಿಗೆ ಐದು ಷಿಲಿಂಗ್ ದಂಡ ವಿಧಿಸಲಾಗುತ್ತಿತ್ತು. ೧೬೮೧ರಲ್ಲಿ ಆ ಕಾನೂನು ರದ್ದಾದರೂ ಹಬ್ಬದ ಬಗೆಗಿನ ಅನಾದರವು ಬಹುಕಾಲ ಉಳಿಯಿತು. ಆ ರಾಜ್ಯದಲ್ಲಿ ಕ್ರಿಸ್ಮಸ್ ಶಾಸನಬದ್ಧ ರಜಾದಿನವಾದುದು ೧೮೫೬ರಲ್ಲಿ ಮಾತ್ರ. ಎಂದಮೇಲೆ ಈ ಕಾದಂಬರಿಯ ಕ್ರಿಸ್ಮಸ್ಸು ಅನಾದಿಯಿಂದ ನಡೆದುಬಂದ ಸಂಪ್ರದಾಯವೆಂದು ಭಾವಿಸಲಾಗದು. ಲೇಖಕಿಯ ಜೀವಮಾನದಲ್ಲಿಯೇ ನ್ಯೂ ಇಂಗ್ಲೆಂಡಿನ ಮನೆಗಳಲ್ಲಿ ಬೇರೂರುತ್ತಿದ್ದ ಹೊಸ ಹಬ್ಬವದು.

ಈ ಹಿನ್ನೆಲೆಯನ್ನು ಅರಿತರೆ ಕಾದಂಬರಿಯ ಒಂದು ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಇಲ್ಲಿನ ಎರಡು ಕ್ರಿಸ್ಮಸ್ಸುಗಳಲ್ಲಿ ಒಂದರಲ್ಲಿಯೂ ಚರ್ಚಿನ ಆರಾಧನೆಯ ದೃಶ್ಯವಿಲ್ಲ. ಧರ್ಮವು ದೇವಾಲಯದಿಂದ ಅಡಿಗೆಮನೆಗೂ ಒಲೆಯ ಮುಂದಣ ಕುರ್ಚಿಗೂ ಸರಿದಿದೆ. ಪುರೋಹಿತನ ಸ್ಥಾನದಲ್ಲಿ ತಾಯಿ ನಿಂತಿದ್ದಾಳೆ. ಹಬ್ಬದ ಬೆಳಿಗ್ಗೆ ಮಕ್ಕಳು ದಿಂಬಿನ ಕೆಳಗೆ ಒಂದೊಂದು ಬಣ್ಣದ ರಟ್ಟಿನ ಒಂದೊಂದು ಪುಸ್ತಕವನ್ನು ಕಾಣುತ್ತಾರೆ. ಅದು ಹೊಸ ಒಡಂಬಡಿಕೆಯೋ ಬನ್ಯನ್ನನ ‘ಪಿಲ್‌ಗ್ರಿಮ್ಸ್ ಪ್ರಾಗ್ರೆಸ್’ ಕೃತಿಯೋ ಎಂಬುದನ್ನು ಲೇಖಕಿ ಬಿಡಿಸಿ ಹೇಳಿಲ್ಲ. ಈ ಅಸ್ಪಷ್ಟತೆ ನಮಗೆ ಅರ್ಥಪೂರ್ಣವಾಗಿ ತೋರುತ್ತದೆ. ಆ ಮನೆಯಲ್ಲಿ ಎರಡೂ ಒಂದೇ ಕೆಲಸವನ್ನು ಮಾಡುತ್ತವೆ. ಚಿಕ್ಕಂದಿನಲ್ಲಿ ಮಕ್ಕಳು ಬೆನ್ನಿಗೆ ಚಿಂದಿಬಟ್ಟೆಯ ಚೀಲಗಳನ್ನು ಕಟ್ಟಿಕೊಂಡು ನೆಲಮಾಳಿಗೆಯಿಂದ ಮನೆಯ ಮೇಲ್ಮಾಳಿಗೆಗೆ ಹತ್ತುತ್ತ ಬನ್ಯನ್ನನ ಯಾತ್ರೆಯನ್ನೇ ಆಟವಾಗಿ ಆಡುತ್ತಿದ್ದರು. ಈಗ ಆ ಆಟ ಬದುಕಾಗಬೇಕೆಂಬುದು ತಾಯಿಯ ಉಪದೇಶ. ಬನ್ಯನ್ನನ ಈ ಗ್ರಂಥವು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಬಾಸೆಲ್ ಮಿಷನ್ನಿನವರ ಪ್ರಯತ್ನದಿಂದ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿತೆಂಬುದನ್ನು ನೆನೆದರೆ, ಮ್ಯಾಸಚೂಸೆಟ್ಸಿನ ಮನೆಯೊಂದನ್ನೂ ಮಂಗಳೂರಿನ ಕ್ರೈಸ್ತ ಓದುಗರನ್ನೂ ಒಂದೇ ಪುಸ್ತಕ ತಲಪಿದ್ದ ಕಾಲವದು ಎಂದು ತಿಳಿಯುತ್ತದೆ.

ಈ ಗೃಹಧರ್ಮವು ಸಂಕುಚಿತವಾದುದಲ್ಲ. ಏಮಿಯು ಅತ್ತೆ ಮಾರ್ಚಳ ಮನೆಯಲ್ಲಿದ್ದಾಗ ಫ್ರೆಂಚ್ ಕ್ಯಾಥೊಲಿಕ್ ಸೇವಕಿಯೊಬ್ಬಳು ಅವಳಿಗೆ ಪ್ರಾರ್ಥನೆಗೆಂದು ಪುಟ್ಟ ಕೋಣೆಯೊಂದನ್ನು ಅಣಿಮಾಡಿಕೊಡುತ್ತಾಳೆ. ಹುಡುಗಿಯು ಮೇರಿಮಾತೆಯ ಚಿತ್ರದ ಮುಂದೆ ಕುಳಿತು ಧ್ಯಾನಿಸುತ್ತಾಳೆ. ಜಪಸರವನ್ನು ಮಾತ್ರ, ಪ್ರಾಟೆಸ್ಟಂಟರ ಪ್ರಾರ್ಥನೆಗೆ ಸಲ್ಲುವುದೋ ಇಲ್ಲವೋ ಎಂಬ ಸಂಶಯದಿಂದ, ಬಳಸದೆ ತೂಗಹಾಕುತ್ತಾಳೆ. ಆ ಕಾಲದ ಪ್ರಾಟೆಸ್ಟಂಟ್ ಅಮೆರಿಕದಲ್ಲಿ ಕ್ಯಾಥೊಲಿಕರ ಬಗೆಗಿದ್ದ ದ್ವೇಷವನ್ನು ಬಲ್ಲವರಿಗೆ ಈ ಪ್ರಸಂಗದ ಸೌಜನ್ಯ ವಿಶೇಷವಾಗಿ ಕಾಣುವುದು.

೩

ಶ್ರದ್ಧೆಯಷ್ಟೇ ದುಡಿಮೆಯೂ ಈ ವರ್ಷದ ಕಥೆಗೆ ಆಧಾರ. ಮೆಗ್ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಜೋ ಮುಂಗೋಪಿಯಾದ ಅತ್ತೆಗೆ ಓದಿಹೇಳುತ್ತ ಸಂಗಾತಿಯಾಗಿರುತ್ತಾಳೆ. ಬೆತ್ ಮನೆಗೆಲಸವನ್ನು ಹಂಚಿಕೊಳ್ಳುತ್ತಾಳೆ. ಒಂದು ವಾರ ಯಾರೂ ಕೆಲಸ ಮಾಡದೆ ಇದ್ದುನೋಡೋಣವೆಂದು ಹೊರಟಾಗ, ಆಹಾರ ನೀರುಗಳಿಲ್ಲದೆ ಪಂಜರದ ಹಕ್ಕಿಯೇ ಸಾಯುತ್ತದೆ. ನೀತಿಯನ್ನು ಇಷ್ಟು ಕಠಿನವಾಗಿ ಹೇಳಿದ ಬಾಲಸಾಹಿತ್ಯ ವಿರಳ.

ಈ ದುಡಿಮೆಯ ಹಿಂದೆ ಲೇಖಕಿಯ ಸ್ವಂತ ಅನುಭವವಿದೆ. ಆಕೆಯ ತಂದೆ ಬ್ರಾನ್ಸನ್ ಆಲ್ಕಾಟ್ ಆದರ್ಶವಾದಿ, ಶಿಕ್ಷಣಚಿಂತಕ. ಆದರೆ ಸಂಸಾರವನ್ನು ಪೋಷಿಸಲು ಅಸಮರ್ಥ. ೧೮೪೩ರಲ್ಲಿ ಆತನು ‘ಫ್ರೂಟ್‌ಲ್ಯಾಂಡ್ಸ್’ ಎಂಬ ಆದರ್ಶ ಸಮುದಾಯವನ್ನು ಸ್ಥಾಪಿಸಿದನು. ಅದು ಸುಮಾರು ಏಳು ತಿಂಗಳಲ್ಲಿ ಕುಸಿಯಿತು. ತಾಯಿ ಅಬಿಗೇಲಳು ೧೮೪೦ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಬಡವರ ನಡುವೆ ಸಂಬಳದ ಸೇವೆಗೆ ನಿಂತಳು. ಲೂಯಿಸಾ ಹೊಲಿಗೆ, ಪಾಠ, ಮನೆಗೆಲಸ, ಬರಹ ಎಲ್ಲವನ್ನೂ ಮಾಡಿದಳು. ಕಾದಂಬರಿಯಲ್ಲಿಯಾದರೋ, ಆಪತ್ತಿಗೆ ಸಿಕ್ಕ ಮಿತ್ರನೊಬ್ಬನಿಗೆ ನೆರವಾಗಲು ಹೋಗಿ ತಂದೆ ಆಸ್ತಿಯನ್ನು ಕಳೆದುಕೊಂಡನೆಂದು ಹೇಳಿದೆ. ತಂದೆಯ ಅಸಾಮರ್ಥ್ಯವು ಔದಾರ್ಯವಾಗಿ ಮಾರ್ಪಟ್ಟಿದೆ. ಮಗಳ ಗೌರವಬುದ್ಧಿ ಇದಕ್ಕೆ ಕಾರಣವೆನ್ನಬಹುದು. ಆದರೆ ಚರಿತ್ರಕಾರನು ಇದನ್ನು ಗುರುತಿಸದೆ ಹೋಗಬಾರದು.

ಇದಕ್ಕಿಂತ ದೊಡ್ಡ ಮಾರ್ಪಾಟು ಇನ್ನೊಂದುಂಟು. ವಾಸ್ತವದಲ್ಲಿ ಯುದ್ಧದ ಸೇವೆಗೆ ಹೋದವಳು ಮಗಳು. ೧೮೬೨ರ ಡಿಸೆಂಬರಿನಲ್ಲಿ ಲೂಯಿಸಾ ಜಾರ್ಜ್‌ಟೌನಿನ ಯೂನಿಯನ್ ಹೋಟೆಲ್ ಆಸ್ಪತ್ರೆಯಲ್ಲಿ ದಾದಿಯಾದಳು. ಸುಮಾರು ಆರು ವಾರಗಳಲ್ಲಿ ವಿಷಮಶೀತಜ್ವರಕ್ಕೆ ತುತ್ತಾದಳು. ಆಗ ತಂದೆಯೇ ಹೋಗಿ ಆಕೆಯನ್ನು ಮನೆಗೆ ಕರೆತಂದನು. ಆ ಅನುಭವವನ್ನು ಆಕೆ ೧೮೬೩ರಲ್ಲಿ ‘ಹಾಸ್ಪಿಟಲ್ ಸ್ಕೆಚಸ್’ ಎಂಬ ಪುಸ್ತಕದಲ್ಲಿ ಬರೆದಳು. ಕಾದಂಬರಿಯಲ್ಲಿ ಈ ಸಂಬಂಧ ತಲೆಕೆಳಗಾಗಿದೆ: ತಂದೆ ಯುದ್ಧಕ್ಕೆ ಹೋಗುತ್ತಾನೆ, ಕಾಯಿಲೆ ಬೀಳುತ್ತಾನೆ, ತಾಯಿ ವಾಷಿಂಗ್ಟನ್ನಿಗೆ ಧಾವಿಸುತ್ತಾಳೆ, ಜೋ ತನ್ನ ಕೂದಲನ್ನು ಇಪ್ಪತ್ತೈದು ಡಾಲರಿಗೆ ಮಾರಿ ಹಣವನ್ನು ತಾಯಿಯ ಕೈಗಿಡುತ್ತಾಳೆ. ಪ್ರಾಣವನ್ನೇ ಪಣವಾಗಿಟ್ಟ ಮಗಳು ಕಥೆಯಲ್ಲಿ ಕೂದಲನ್ನು ಮಾತ್ರ ಕೊಡಬಲ್ಲವಳಾದಳು.

೪

ಕಾಲಗಣನೆಯಲ್ಲಿಯೂ ಒಂದು ತೊಡಕುಂಟು. ಏಮಿಯು ಆಟಕ್ಕೆಂಬಂತೆ ಬರೆದ ಉಯಿಲಿನಲ್ಲಿ ೧೮೬೧ನೆಯ ನವೆಂಬರ್ ೨೦ ಎಂಬ ತಾರೀಖಿದೆ. ಇದನ್ನು ನಂಬಿದರೆ ಕಥೆಯ ಮೊದಲನೆಯ ಕ್ರಿಸ್ಮಸ್ಸು ೧೮೬೦ರದಾಗಬೇಕು. ಆದರೆ ಅಂತರ್ಯುದ್ಧ ಆರಂಭವಾದುದು ೧೮೬೧ರ ಏಪ್ರಿಲ್ ತಿಂಗಳಲ್ಲಿ! ಯುದ್ಧವಿಲ್ಲದ ಚಳಿಗಾಲದಲ್ಲಿ ತಂದೆ ಯುದ್ಧಭೂಮಿಯಲ್ಲಿರುವುದು ಹೇಗೆ? ಲೇಖಕಿಯ ಅಲಕ್ಷ್ಯವೆಂದು ಇದನ್ನು ತಳ್ಳಿಹಾಕಬಹುದು. ಆದರೆ ಆ ಅಲಕ್ಷ್ಯವೂ ಒಂದು ಸಾಕ್ಷ್ಯವೇ. ಕಾದಂಬರಿಗೆ ಯುದ್ಧವು ತಂದೆಯ ಗೈರುಹಾಜರಿಗೆ ಒಂದು ಹೆಸರು ಮಾತ್ರ. ಆಲ್ಕಾಟ್ ದಂಪತಿಗಳು ಗುಲಾಮಗಿರಿಯ ಕಡು ವಿರೋಧಿಗಳಾಗಿದ್ದರು. ಹಾಗಿದ್ದೂ ಯುದ್ಧದ ಮೂಲಕಾರಣವಾದ ಗುಲಾಮಗಿರಿಯು ಮೊದಲನೆಯ ಭಾಗದ ಕಥಾವಸ್ತುವಿನಲ್ಲಿ ಸೇರಿಲ್ಲ. ಆದುದರಿಂದ ಅಂತರ್ಯುದ್ಧದ ಅಧ್ಯಯನಕ್ಕೆ ಇದನ್ನು ಆಕರವಾಗಿ ಬಳಸುವವರು ಎಚ್ಚರದಿಂದಿರಬೇಕು.

೫

ಇನ್ನು ವರ್ಷಾಂತ್ಯದ ತೀರ್ಪು. ಎರಡನೆಯ ಕ್ರಿಸ್ಮಸ್ಸಿಗೆ ತಂದೆ ಹಿಂದಿರುಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸುತ್ತಾನೆ. ಮೆಗ್ಗಳ ಕೈ ಹಿಂದೆ ನುಣುಪಾಗಿತ್ತು. ಈಗ ಸುಟ್ಟ ಕಲೆಯೂ ಗಟ್ಟಿಯಾದ ಅಂಗೈಯೂ ಅದಕ್ಕೆ ಹೆಚ್ಚಿನ ಚೆಲುವನ್ನು ತಂದಿವೆ ಎನ್ನುತ್ತಾನೆ. ದುಡಿದ ಕೈಯನ್ನು ಹೀಗೆ ಓದಿದ ದೃಶ್ಯ ಕಾದಂಬರಿಯ ಉತ್ತಮ ಭಾಗಗಳಲ್ಲಿ ಒಂದು. ಆದರೆ ಜೋಳ ಸರದಿ ಬಂದಾಗ ಆತನು ಮೆಚ್ಚುವುದು ಅವಳ ತಗ್ಗಿದ ದನಿಯನ್ನು, ಅಚ್ಚುಕಟ್ಟಾದ ಉಡುಪನ್ನು, ತಾಯಿಯಂಥ ಮಮತೆಯನ್ನು. ಅದೇ ವರ್ಷ ಅವಳ ಕಥೆಯೊಂದು ಪತ್ರಿಕೆಯಲ್ಲಿ ಅಚ್ಚಾದುದು ತೀರ್ಪಿನಲ್ಲಿ ಬರುವುದಿಲ್ಲ. ವರ್ಷವೆಲ್ಲ ಮನೆಯನ್ನು ಹೊತ್ತ ತಾಯಿಯನ್ನೂ ಹ್ಯಾನಳನ್ನೂ ಅಳೆಯುವ ಮಾತೇ ಇಲ್ಲ. ಇದು ಲೇಖಕಿಯ ವ್ಯಂಗ್ಯವೆಂದು ವಾದಿಸುವವರಿರಬಹುದು. ತನ್ನ ತುಂಟ ಹುಡುಗಿ ಕಾಣೆಯಾದಳೆಂಬ ಕೊರಗು ತಂದೆಯ ಮಾತಿನಲ್ಲಿಯೇ ಇರುವುದರಿಂದ ಆ ವಾದಕ್ಕೆ ಸ್ವಲ್ಪ ಆಸರೆಯುಂಟು. ಆದರೆ ದೃಶ್ಯದ ಒಟ್ಟು ಭಾವ ಕೃತಜ್ಞತೆಯದು. ಅದನ್ನು ವ್ಯಂಗ್ಯವೆಂದು ಒಪ್ಪಲು ನಾವು ಸಿದ್ಧರಿಲ್ಲ.

ಹಮ್ಮಲ್ ಕುಟುಂಬದ ವಿಷಯವು ಇನ್ನೂ ಗಂಭೀರವಾದುದು. ಮೊದಲನೆಯ ಕ್ರಿಸ್ಮಸ್ಸಿನ ಬೆಳಿಗ್ಗೆ ಮಾರ್ಚ್ ಸೋದರಿಯರು ತಮ್ಮ ಹಬ್ಬದ ತಿಂಡಿಯನ್ನು ಈ ಬಡ ಜರ್ಮನ್ ವಲಸೆಗಾರರಿಗೆ ಒಯ್ಯುತ್ತಾರೆ. ಬೆಂಕಿಯಿಲ್ಲದ ಕೋಣೆ, ಒಂದೇ ಹಾಸಿಗೆಯಲ್ಲಿ ಮುದುರಿಕೊಂಡ ಆರು ಮಕ್ಕಳು, ಹಸುಳೆಯೊಡನೆ ಮಲಗಿದ ತಾಯಿ. ಇದು ಎಲ್ಲರಿಗೂ ನೆನಪಿರುವ ದೃಶ್ಯ. ತಿಂಗಳುಗಳ ತರುವಾಯ, ತಾಯಿ ಊರಲ್ಲಿಲ್ಲದಾಗ, ಅದೇ ಮನೆಗೆ ಹೋಗಿಬರಬೇಕೆಂದು ಬೆತ್ ಕೇಳುತ್ತಾಳೆ. ಅಕ್ಕಂದಿರು ಒಂದೊಂದು ನೆಪ ಹೇಳುತ್ತಾರೆ. ಬೆತ್ ಒಬ್ಬಳೇ ಹೋಗುತ್ತಾಳೆ. ಶಿಶು ಅವಳ ಮಡಿಲಲ್ಲಿಯೇ ಸಾಯುತ್ತದೆ. ಕೆಂಜ್ವರ ಅವಳಿಗೂ ತಗಲುತ್ತದೆ. ಹಬ್ಬದ ದಿನದ ದಾನ ಸುಲಭ, ಸಾಮಾನ್ಯ ದಿನದ ದಾನ ಕಷ್ಟವೆಂಬ ಸತ್ಯವನ್ನು ಲೇಖಕಿ ಇಲ್ಲಿ ನಿರ್ದಾಕ್ಷಿಣ್ಯವಾಗಿ ತೋರಿಸಿದ್ದಾಳೆ. ಇದೂ ಕಲ್ಪನೆಯಲ್ಲ. ಆಕೆಯ ತಂಗಿ ಎಲಿಜಬೆತ್ ೧೮೫೬ರಲ್ಲಿ ಇಂತಹುದೇ ಜ್ವರಕ್ಕೆ ಸಿಕ್ಕಿ, ಪೂರ್ತಿಯಾಗಿ ಚೇತರಿಸಿಕೊಳ್ಳದೆ ೧೮೫೮ರಲ್ಲಿ ತೀರಿಕೊಂಡಳು. ಆದರೆ ಎರಡನೆಯ ಕ್ರಿಸ್ಮಸ್ಸಿನ ಔತಣದ ಅತಿಥಿಗಳಲ್ಲಿ ಹಮ್ಮಲ್ ಮನೆಯವರು ಯಾರೂ ಇಲ್ಲ. ಪಕ್ಕದ ಸಿರಿವಂತ ಲಾರೆನ್ಸರು ಮೇಜಿನಲ್ಲಿದ್ದಾರೆ. ವರ್ಷವನ್ನು ತೆರೆದ ಬಡವರು ವರ್ಷವನ್ನು ಮುಚ್ಚುವಾಗ ಹೊರಗುಳಿದರು.

ಈ ಕೊರತೆಗಳಿಂದ ಕೃತಿಯ ಬೆಲೆ ಕುಂದುವುದೆಂದು ನಾವು ಹೇಳುವುದಿಲ್ಲ. ದುಡಿಮೆಯನ್ನು ದಾಖಲಿಸುವಲ್ಲಿ ‘ಲಿಟ್ಲ್ ವಿಮೆನ್’ ನಂಬತಕ್ಕ ಸಾಕ್ಷಿ. ದುಡಿಮೆಯ ಫಲವನ್ನು ಹಂಚುವಲ್ಲಿ ಮಾತ್ರ ಅದು ತನ್ನ ಕಾಲದ ಮರ್ಯಾದೆಗೆ ತಲೆಬಾಗುತ್ತದೆ. ಚರಿತ್ರೆಯ ವಿದ್ಯಾರ್ಥಿ ಇದನ್ನು ‘ಹಾಸ್ಪಿಟಲ್ ಸ್ಕೆಚಸ್’ನೊಡನೆ ಜೊತೆಗಿಟ್ಟು ಓದಿದರೆ, ಮನೆಯನ್ನು ಬಿಟ್ಟು ಯುದ್ಧದ ಆಸ್ಪತ್ರೆಗೆ ಹೋದ ಹೆಣ್ಣುಮಗಳು ಐದು ವರ್ಷಗಳ ತರುವಾಯ ಅದೇ ಮನೆಯ ಕಥೆಯಲ್ಲಿ ತನ್ನನ್ನು ಹೇಗೆ ಮರೆಮಾಡಿಕೊಂಡಳೆಂಬುದು ಕಾಣುತ್ತದೆ. ಆ ಕಥೆಯಿಂದ ಬಂದ ಹಣವೇ ಆಲ್ಕಾಟ್ ಕುಟುಂಬದ ಸಾಲಗಳನ್ನು ತೀರಿಸಿತು. ಕಾದಂಬರಿಯ ತಂದೆ ತನ್ನ ತೀರ್ಪಿನಲ್ಲಿ ಎಣಿಸದೆ ಬಿಟ್ಟ ದುಡಿಮೆಯೆಂದರೆ ಬರವಣಿಗೆಯೇ; ಆ ಮನೆಯನ್ನು ಕೊನೆಗೆ ಉಳಿಸಿದುದೂ ಅದೇ.