ವಂಜುಲವಿಚಾರ: ನಿಘಂಟುಗಳೂ ಒಣಸಸ್ಯಸಂಗ್ರಹಗಳೂ

ಅಮರಕೋಶದ ವನೌಷಧಿವರ್ಗದಲ್ಲಿ 'ವಂಜುಲ'ವೆಂಬ ಪದವು ತಿನಿಶ, ವೇತಸ, ಅಶೋಕಗಳೆಂಬ ಮೂರಕ್ಕೂ ಹೆಸರಾಗಿ ಬಂದಿದೆ. ಇದರಲ್ಲಿ ಕೋಶಕಾರನು ದೋಷಿಯಲ್ಲ. ಲೋಕದಲ್ಲಿದ್ದ ಪ್ರಯೋಗಗಳನ್ನು ಆತನು ಸಂಗ್ರಹಿಸಿದನು. ದೋಷವು ವ್ಯಾಖ್ಯಾತೃಗಳದು. ಕಾವ್ಯದಲ್ಲಿ ವಂಜುಲವು ಬಂದೊಡನೆ ಒಂದು ಪರ್ಯಾಯಪದವನ್ನಿತ್ತು, ಅದೂ ತೋಚದಿದ್ದರೆ 'ವೃಕ್ಷವಿಶೇಷ'ವೆಂದು ಬರೆದು ಮುಂದೆ ಸಾಗುವುದು ಅವರಲ್ಲಿ ರೂಢಿಯಾಗಿ ಹೋಗಿದೆ. ವೃಕ್ಷವೆಂಬುದು ಓದುಗನಿಗೆ ಮೊದಲೇ ತಿಳಿದಿತ್ತು. ಯಾವ ವಿಶೇಷವೆಂಬುದೇ ಪ್ರಶ್ನೆ.

ಪದಕ್ಕೆ ಪದವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಈ ಪದ್ಧತಿಗಿಂತ, 16ನೆಯ ಶತಮಾನದಲ್ಲಿ ಇಟಲಿಯ ಲೂಕಾ ಗೀನಿಯ ಕಾಲದಿಂದ ಬೆಳೆದುಬಂದ ಕ್ರಮವೇ ಬೇರೆ. ಹೂ ಕಾಯಿಗಳೊಡನೆ ರೆಂಬೆಯನ್ನು ಕಾಗದಗಳ ನಡುವೆ ಒತ್ತಿ, ತೇವವೇರಿದ ಕಾಗದಗಳನ್ನು ಬದಲಾಯಿಸುತ್ತ ಒಣಗಿಸಿ, ಹಾಳೆಗೆ ಅಂಟಿಸಿ, ದೊರೆತ ಸ್ಥಳ, ದಿನ, ಸಂಗ್ರಾಹಕನ ಹೆಸರುಗಳನ್ನು ಅಲ್ಲಿಯೇ ಬರೆದಿಡುವರು. ಸಸ್ಯನಾಮವು ಒಂದು ನಿರ್ದಿಷ್ಟ ಮಾದರಿಗೆ ಕಟ್ಟುಬಿದ್ದಿರುವುದರಿಂದ, ಸಂದೇಹ ಹುಟ್ಟಿದಾಗ ಆ ಹಾಳೆಯೇ ಪ್ರಮಾಣವು. ಪೌಲ್ ಹರ್ಮನ್ನನು 1670ರ ದಶಕದಲ್ಲಿ ಸಿಂಹಳದಲ್ಲಿ ಒಣಗಿಸಿದ ಗಿಡಗಳನ್ನು ನೋಡಿಯೇ ಲಿನೇಯಸನು 1747ರಲ್ಲಿ ಆ ದ್ವೀಪದ ಸಸ್ಯಗ್ರಂಥವನ್ನು ರಚಿಸಿದನು. ಆ ಸಂಪುಟಗಳು ಇಂದಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿವೆ.

ಮಲಬಾರಿನ ಸಂಗತಿಯು ಹೀಗಲ್ಲ. ವಾನ್ ರೀಡನು ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಹೊರಬಂದಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ಬ್ರಾಹ್ಮಣರೂ ಅದಕ್ಕೆ ನೆರವಾದರು. ಚಿತ್ರಗಳು ಸೊಗಸಾಗಿವೆ, ಒಣಮಾದರಿಗಳು ಮಾತ್ರ ದೊರೆತಿಲ್ಲ. ಆದುದರಿಂದ ಲಿನೇಯಸನು ಆ ಗ್ರಂಥವನ್ನಾಶ್ರಯಿಸಿ ಇಟ್ಟ ಅನೇಕ ಹೆಸರುಗಳಿಗೆ ಚಿತ್ರವೇ ಪ್ರಮಾಣವಾಗಿ ನಿಂತಿದೆ. ಒಣಗಿದ ಹೂವನ್ನಾದರೆ ನೀರಿನಲ್ಲಿ ಕುದಿಸಿ ಬಿಚ್ಚಿ ನೋಡಬಹುದು. ಚಿತ್ರದ ಹೂವು ಬಿಡಿಸಲಾಗದ ಗಂಟು.

ಹಾಗೆಂದು ಒಣಹಾಳೆಯನ್ನು ಅತಿಯಾಗಿ ಹೊಗಳುವುದೂ ಯುಕ್ತವಲ್ಲ. ಅಶೋಕದ ಹೂವು ಕಿತ್ತಳೆಯಿಂದ ಕೆಂಪಿಗೆ ತಿರುಗುವ ಬೆಡಗು ಅದರಲ್ಲಿ ಉಳಿಯದು. ಕವಿಗಳಿಗೆ ಬೇಕಾದುದು ಅದೇ. ಇಂದು ಬೀದಿಬದಿಯಲ್ಲಿ ಅಶೋಕವೆಂಬ ಹೆಸರಿನಿಂದ ಬೆಳೆಸುವ, ಹಸುರು ಹೂವಿನ ನೀಳವಾದ ಮರವು ಬೇರೆಯೇ ಜಾತಿ. ಅದನ್ನು ತೋರಿಸಿ ಮಾಲವಿಕಾಗ್ನಿಮಿತ್ರದ ದೋಹದಪ್ರಸಂಗವನ್ನು ಪಾಠ ಹೇಳಿದರೆ, ಶಿಷ್ಯನಿಗೆ ರಸವಿರಲಿ, ಬಣ್ಣವೂ ದಕ್ಕದು.

ವಂಜುಲವು ರಕ್ತಪುಷ್ಪದೊಡನೆ ಬಂದಲ್ಲಿ ಅಶೋಕವೆಂದೂ, ನದೀತೀರದ ಕುಂಜದಲ್ಲಿ ಬಂದಲ್ಲಿ ವೇತಸವೆಂದೂ ಪ್ರಕರಣವೇ ತಿಳಿಸುತ್ತದೆ. ಆ ವೇತಸವಾದರೋ ಬೆತ್ತವೋ, ನೀರಬಳಿ ಬೆಳೆಯುವ ಸೇಲಿಕ್ಸ್ ಜಾತಿಯ ಮರವೋ ಎಂಬುದನ್ನು ಪ್ರಕರಣವೂ ಹೇಳಲಾರದು. ಟೀಕಾಕಾರನು ಅಲ್ಲಿ ತಾನು ಗ್ರಹಿಸಿದ ಸಸ್ಯವಾವುದೆಂದು, ಸಂಗ್ರಹಾಲಯದ ಹಾಳೆಯ ಅಂಕಿಯೊಡನೆ ಟಿಪ್ಪಣಿಯಲ್ಲಿ ಕಾಣಿಸತಕ್ಕದ್ದು.