ಪೀಠಿಕೆ, ಉಪಸಂಹಾರ ಮತ್ತು ಬಿ.ಎ.

ಬಿ.ಎ. ಮಾಡಿದರೆ ಕೆಲಸ ಸಿಗುವುದಿಲ್ಲ ಎಂಬುದು ನಮ್ಮಲ್ಲಿ ಹಳೇ ಮಾತು. ಆದರೆ ಕೆ.ಎ.ಎಸ್., ಪಿ.ಎಸ್.ಐ. ಅಧಿಸೂಚನೆ ತೆರೆದು ನೋಡಿ, ಕೇಳುವುದು ಯಾವುದಾದರೂ ಒಂದು ಪದವಿ. ಮೂರು ವರ್ಷದ ಕಾನೂನು ಪದವಿಗೂ ಅಷ್ಟೇ ಸಾಕು. ತೊಂದರೆ ಏನೆಂದರೆ, ಎಂಜಿನಿಯರಿಂಗ್ ಓದಿದವರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರ ಕೈಯಲ್ಲಿ ಅವರಿಗಿಲ್ಲದ ಯಾವ ಕಸುಬಿದೆ?

ಇರಬೇಕಿತ್ತು. ‘ಇಮ್ಮಡಿ ಪುಲಕೇಶಿಯ ಸಾಧನೆಗಳನ್ನು ವಿವರಿಸಿ’ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಉತ್ತರ ಗೈಡಿನಲ್ಲಿ ಸಿದ್ಧವಿರುತ್ತದೆ: ಸ್ಕೇಲಿಟ್ಟು ಗೆರೆ ಎಳೆದ ಪೀಠಿಕೆ, ನಾಲ್ಕೈದು ಉಪಶೀರ್ಷಿಕೆ, ಕೊನೆಗೊಂದು ಉಪಸಂಹಾರ. ನರ್ಮದೆಯ ಬಳಿ ಹರ್ಷನನ್ನು ಸೋಲಿಸಿದ್ದು ಅದರಲ್ಲೊಂದು ಉಪಶೀರ್ಷಿಕೆ. ಇದು ನಮಗೆ ಹೇಗೆ ಗೊತ್ತು ಎಂದು ಯಾರೂ ಕೇಳುವುದಿಲ್ಲ. ಹೇಳಿದವನು ಕವಿ ರವಿಕೀರ್ತಿ, ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ, ಕ್ರಿ.ಶ. 634ರಲ್ಲಿ. ಪುಲಕೇಶಿಯ ಕೃಪೆಯಲ್ಲಿದ್ದವನು ಪುಲಕೇಶಿಯನ್ನು ಹೊಗಳಿದ್ದನ್ನು ಎಷ್ಟು ನಂಬೋಣ? ಇನ್ನೊಂದು ಸಾಕ್ಷಿ ಇದೆ. ಹರ್ಷನ ಆತಿಥ್ಯ ಉಂಡ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನೂ, ಹರ್ಷನಿಗೆ ಈ ದಕ್ಷಿಣದ ದೊರೆಯನ್ನು ಮಣಿಸಲಾಗಲಿಲ್ಲ ಎಂದೇ ಬರೆದಿದ್ದಾನೆ. ಎದುರು ಪಾಳೆಯದವನೇ ಒಪ್ಪಿದ ಮೇಲೆ ಮಾತಿಗೆ ತೂಕ ಬಂತು. ಹೇಳುವವನು ಯಾರು, ಅವನಿಗೇನು ಲಾಭ, ಎದುರಿನವನು ಏನೆನ್ನುತ್ತಾನೆ: ವರದಿಗಾರ, ವಕೀಲ, ತಹಶೀಲ್ದಾರ್ ಮೂವರೂ ದಿನಾ ಮಾಡುವ ಕೆಲಸ ಇದೇ. ಒಂದು ಪೀರಿಯಡ್ಡಿನಲ್ಲಿ ಕಲಿಸಬಹುದಾದದ್ದು. ಹುನಗುಂದದ ಹುಡುಗರಿಗಂತೂ ಬಸ್ಸು ಹತ್ತಿದರೆ ಐಹೊಳೆ!

ಸರ್ಕಾರಗಳು ಮಾತ್ರ ವರ್ಷ ಎಣಿಸುವುದರಲ್ಲೇ ಉಳಿದವು. 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ಕ್ಕೆ ಮತ್ತೆ ಮೂರು ವರ್ಷ. ಗೈಡು ಎರಡೂ ಕಾಲದಲ್ಲಿ ಮಾರಾಟವಾಯಿತು. ಪದವಿ ಮುಗಿಸಿದವರು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ, ಕಾಲೇಜಿನಲ್ಲಿ ಪಾಸಾದ ಸಂವಿಧಾನವನ್ನೇ ಕೋಚಿಂಗಿಗೆ ಫೀಸು ಕಟ್ಟಿ ಮೊದಲಿನಿಂದ ಓದುತ್ತಾರೆ. ಬಿ.ಎ. ಮೇಲೆ ಇದಕ್ಕಿಂತ ಕಟುವಾದ ವಿಮರ್ಶೆಯನ್ನು ನಾನಂತೂ ಬರೆಯಲಾರೆ.

ಹಾಗೆಂದು ಈ ಪದವಿಯನ್ನು ಹಗುರ ಮಾಡುವಂತಿಲ್ಲ. ದೂರದ ಊರಿಗೆ ಕಳಿಸಲೊಪ್ಪದ ಮನೆಯ ಹೆಣ್ಣುಮಕ್ಕಳು ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಬಿ.ಇಡಿ. ಮಾಡಿ ಮೇಡಂ ಆಗಿದ್ದಾರೆ. ಅನುವಾದ, ಸುದ್ದಿಮನೆ, ಸಬ್‌ಟೈಟಲ್ಲು, ಸಮೀಕ್ಷೆ ಹೀಗೆ ಬೇರೆ ದಾರಿಗಳೂ ಇವೆ. ಎಂ.ಎ.ವರೆಗೆ ಹೋಗಿ ಹಳಗನ್ನಡ, ಸಂಸ್ಕೃತ ಗಟ್ಟಿ ಮಾಡಿಕೊಂಡವರಿಗೆ ಮೈಸೂರಿನಲ್ಲೇ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗವಿದೆ. ಹುದ್ದೆ ಕಡಿಮೆ, ನಿಜ. ಎಲ್ಲ ಕಡೆಯೂ ಕೇಳುವುದು ಓದಿದ್ದನ್ನು ತೂಗಿ ನೋಡಿ ಸ್ವಂತ ವಾಕ್ಯದಲ್ಲಿ ಬರೆಯಬಲ್ಲವರನ್ನು.

ಒಂದು ಸೆಮಿಸ್ಟರಿನಲ್ಲಾದರೂ ಪರೀಕ್ಷೆ ಬಿಟ್ಟು, ಊರಿನ ಶಾಸನವನ್ನೋ ಪಂಚಾಯಿತಿ ಬಜೆಟ್ಟನ್ನೋ ಓದಿಸಿ ಹತ್ತು ಪುಟ ಬರೆಸಬಹುದು. ಆದರೆ ಅದನ್ನು ಕೂತು ತಿದ್ದುವ ಮೇಷ್ಟ್ರು ಬೇಕಲ್ಲ? ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಆ ಮೇಷ್ಟ್ರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಎಂಬುದು ಅವರಿಗೇ ಗೊತ್ತಿಲ್ಲ.